ಮೂರು ಮನೆಯ ಬಂದೂಕು

ನನ್ನ ಅಡುಗೆಮನೆಯಲ್ಲಿ ಸಾಸಿವೆ ಇಡುವ ಹಳೆಯ ತಗಡಿನ ಡಬ್ಬಿಯೊಂದಿದೆ. ಮುಚ್ಚಳದ ಮೇಲೆ ಒಂದು ಕಾಲಕ್ಕೆ ಇಡೀ ನವಿಲಿತ್ತು. ಈಗ ಅದರ ಕೊರಳು ಮತ್ತು ನಾಲ್ಕಾರು ಗರಿ ಉಳಿದಿವೆ. ಎಷ್ಟು ತಿಕ್ಕಿ ತೊಳೆದರೂ, ಎಷ್ಟು ಬಿಸಿಲಿಗಿಟ್ಟರೂ, ಮುಚ್ಚಳ ತೆಗೆದ ಕೂಡಲೇ ಅದರೊಳಗಿಂದ ದೀಪಾವಳಿಯ ಮರುದಿನದ ಅಂಗಳದ ವಾಸನೆ ಬರುತ್ತದೆ. "ನಿನ್ನ ಮೂಗಿಗೆ ಅರಳು ಮರಳು ಹಿಡಿದೈತಿ" ಎನ್ನುತ್ತಾರೆ ನಮ್ಮ ಯಜಮಾನರು. ಹಾಲು ಸೀದು ಮನೆಯೆಲ್ಲ ಹೊಗೆಯಾದರೂ ಪೇಪರು ಓದುತ್ತಾ ಕೂತಿರುವ ಮನುಷ್ಯ ಅವರು. ಅವರ ಮೂಗಿನ ಸಾಕ್ಷಿಯನ್ನು ನಾನು ಒಪ್ಪುವುದಿಲ್ಲ.

ಮೊನ್ನೆ ಭಾನುವಾರ ಒಗ್ಗರಣೆಗೆಂದು ಆ ಡಬ್ಬಿಯ ಮುಚ್ಚಳ ತೆಗೆದಿದ್ದೆ. ಅದೇ ಹೊತ್ತಿಗೆ ವೀರೇಶ ಬಂದ. ವೀರೇಶ ನನ್ನ ಕಾಕನ ಮಗ. ಹೊಸಪೇಟೆಯಲ್ಲೇ ಇದ್ದಾನೆ, ತೋರಣಗಲ್ಲಿನ ಕಾರ್ಖಾನೆಗೆ ಶಿಫ್ಟಿನ ಜನರನ್ನು ಒಯ್ಯುವ ಬಸ್ಸುಗಳನ್ನಿಟ್ಟಿದ್ದಾನೆ. ಬಂದರೆ ಮೊದಲು ಅಡುಗೆಮನೆಗೆ ನುಗ್ಗಿ ಏನಿದೆ ಎಂದು ಪಾತ್ರೆಗಳ ಮುಚ್ಚಳ ಎತ್ತಿ ನೋಡುವ ಹುಡುಗ, ಅಂದು ಹೊರಗಿನ ಕೋಣೆಯಲ್ಲೇ ಕೂತ.

"ಅಕ್ಕಾ, ನಿನ್ನದೊಂದು ಸಹಿ ಬೇಕಾಗಿತ್ತು. ಅಪ್ಪನ ಬಂದೂಕು ನನ್ನ ಹೆಸರಿಗೆ ಮಾಡಿಸ್ಕೊಳ್ಳಾಕತ್ತೀನಿ. ಮನಿ ಮಂದಿ ಒಪ್ಪಿಗಿ ಕೇಳ್ತಾರ."

ಕಾಕ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಬಂದೂಕು ಪೊಲೀಸ್ ಠಾಣೆಯಲ್ಲಿದೆ. ಚುನಾವಣೆ ಬಂದಾಗ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕಲ್ಲ, ಹಾಗೆ ಒಂದು ಸಲ ಒಪ್ಪಿಸಿದ ಕಾಕ ಮತ್ತೆ ತರಲು ಹೋಗಲೇ ಇಲ್ಲ. ಗೆದ್ದವರ ಮೆರವಣಿಗೆಯಾಯಿತು, ಸೋತವರು ಮುಂದಿನ ಚುನಾವಣೆಯಲ್ಲಿ ಗೆದ್ದರು, ಬಂದೂಕು ಮಾತ್ರ ಅಲ್ಲೇ ಉಳಿಯಿತು.

ಟಿ.ವಿ.ಯಲ್ಲೂ ಅಂದು ಅದೇ ವಿಷಯ ನಡೆದಿತ್ತು. ಎಲ್ಲೋ ಮದುವೆಯ ದಿಬ್ಬಣದಲ್ಲಿ ಯಾರೋ ಖುಷಿಗೆ ಹಾರಿಸಿದ ಗುಂಡು ಯಾರಿಗೋ ತಗುಲಿ, ಬಂದೂಕಿನ ಕಾನೂನು ಬಿಗಿಯಾಗಬೇಕೋ ಬೇಡವೋ ಎಂದು ನಾಲ್ಕು ಜನ ಒಟ್ಟಿಗೇ ಕೂಗುತ್ತಿದ್ದರು. ಯಜಮಾನರಿಗೆ ಅಷ್ಟೇ ಸಾಕಾಯಿತು.

"ಬಿಗಿ ಆಗಬೇಕಪ್ಪ. ಎಲ್ಲಾರ ಕೈಯಾಗ ಬಂದೂಕು ಅಂದ್ರ ಹೆಂಗ? ನಿನಗರ ಯಾಕ ಬೇಕದು?"

"ಭಾವಾ, ಬಿಗಿ ಮಾಡೋದೆಲ್ಲ ನಮ್ಮಂಥೋರಿಗೆ. ಕಳ್ಳ ಹೋಗಿ ಲೈಸೆನ್ಸ್ ಕೇಳ್ತಾನೇನ್ರಿ? ಒಳ್ಳೇವ್ರಿಗೆ ಸಾವಿರ ಕಾನೂನು, ಕೆಟ್ಟೋರಿಗೆ ಒಂದೂ ಇಲ್ಲ."

ಯಜಮಾನರ ಮಾತು ಕೇಳಿದಾಗ ಅದೇ ಸರಿ ಅನ್ನಿಸಿತು. ವೀರೇಶನ ಮಾತು ಕೇಳಿದಾಗ ಅದೂ ಸರಿ ಅನ್ನಿಸಿತು. ನನ್ನದು ಯಾವಾಗಲೂ ಇದೇ ಪಾಡು, ಕೊನೆಗೆ ಮಾತಾಡಿದವರ ಪಕ್ಷ. ಆದರೆ ಕೈಯಲ್ಲಿ ಆ ಡಬ್ಬಿ ಇತ್ತು, ಮೂಗಿನಲ್ಲಿ ಆ ವಾಸನೆ ಇತ್ತು. ಸಾಸಿವೆ ಹಾಕುವುದನ್ನು ಮರೆತು ನಿಂತೆ. ಎಣ್ಣೆ ಹೊಗೆಯಾಡಿತು. ಆ ಬಂದೂಕಿನ ಕಥೆ ವೀರೇಶನಿಗೆ ಗೊತ್ತಿಲ್ಲ; ಅವನಪ್ಪ ಅವನಿಗೆ ಹೇಳಿರಲಾರ. ನಿಮಗೆ ಹೇಳುತ್ತೇನೆ.

ನನ್ನ ತವರು ದರೋಜಿಯ ಕಡೆ. ಅಲ್ಲಿ ಗುಡ್ಡವೆಂದರೆ ಮಣ್ಣಲ್ಲ, ಒಂದರ ಮೇಲೊಂದು ಪೇರಿಸಿಟ್ಟ ಬಂಡೆ. ಹಂಪಿಗೆ ಬಂದವರು ಅಂಥ ಬಂಡೆಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ನಮಗಾದರೋ ಆ ಬಂಡೆಗಳ ಸಂದಿಯಲ್ಲಿ ಯಾರು ಮಲಗಿದ್ದಾರೆ ಎನ್ನುವುದೇ ಚಿಂತೆ. ಆಗಿನ್ನೂ ಕರಡಿಧಾಮ ಗಿರಡಿಧಾಮ ಬಂದಿರಲಿಲ್ಲ, ಕರಡಿಗಳು ಮಾತ್ರ ಇದ್ದವು. ಮೆಕ್ಕೆಜೋಳದ ಕಾಳಿನಲ್ಲಿ ಹಾಲು ತುಂಬಿತೆಂದರೆ ನಮಗಿಂತ ಮೊದಲು ಅವಕ್ಕೆ ಗೊತ್ತಾಗುತ್ತಿತ್ತು. ಶೇಂಗಾಕ್ಕೆ ಹಂದಿಗಳ ಕಾಟ ಬೇರೆ. ಹೀಗಾಗಿ ನನ್ನ ಅಜ್ಜ ಬೆಳೆ ಕಾಯಲೆಂದು ಲೈಸೆನ್ಸ್ ಮಾಡಿಸಿ ಒಂದು ಜೋಡುನಳಿಕೆಯ ಬಂದೂಕು ತಂದ. ಊರಿಗೆಲ್ಲ ಅದೊಂದೇ.

ತಂದದ್ದೇನೋ ತಂದ. ಆಮೇಲೆ ಅದನ್ನು ಗೂಟಕ್ಕೆ ನೇತುಹಾಕಿ, ಎದುರಿಗೆ ಕೂತು, ನೋಡಿ ನೋಡಿ ಅವನಿಗೇ ಹೆದರಿಕೆಯಾಯಿತಂತೆ. ಹೆದರಿಕೆ ಬಂದೂಕಿನದಲ್ಲ, ನಮ್ಮ ಮನೆತನದ ಸಿಟ್ಟಿನದು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದಾಗ ಬಾರದು ಅನ್ನುತ್ತಾರೆ. ನಮ್ಮ ಮನೆತನದಲ್ಲಿ ಎಲ್ಲರ ಮೂಗೂ ಇನ್ನೂ ಉಳಿದಿರುವುದೇ ಆಶ್ಚರ್ಯ. ಅಜ್ಜ ಒಮ್ಮೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಒಲೆಯನ್ನೇ ಒದ್ದಿದ್ದ, ಉರಿಯುವ ಒಲೆಯನ್ನು. ನಾನೂ ಕಮ್ಮಿಯೇನಲ್ಲ. ಲಟ್ಟಣಿಗೆ ಹಾರಿಸಿ ಈ ಮನೆಯ ಗೋಡೆ ಗಡಿಯಾರ ಒಡೆದವಳು ನಾನೇ. ಗುರಿ ಗಡಿಯಾರ ಆಗಿರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಅಜ್ಜ ಬಂದೂಕನ್ನು ಬಿಚ್ಚಿದ. ಅದು ಕಷ್ಟದ ಕೆಲಸವಲ್ಲ. ನಳಿಕೆ ಬೇರೆ, ಹೆಗಲಿಗೆ ಆನಿಸುವ ಮರದ ಹಿಡಿ ಬೇರೆ ಆಗುತ್ತದೆ. ಹಿಡಿಯನ್ನು ನಮ್ಮ ಮನೆಯ ಗೂಟಕ್ಕೇ ಬಿಟ್ಟ. ನಳಿಕೆಯನ್ನು ಪಕ್ಕದ ಓಣಿಯ ಫಕೀರಮ್ಮನಿಗೆ ಕೊಟ್ಟ. ಆಕೆ ಗಾದಿ ಹೊಲಿಯುವ ಪಿಂಜಾರರ ಹೆಣ್ಣುಮಗಳು. ನಳಿಕೆಯನ್ನು ಹತ್ತಿಯಲ್ಲಿ ಸುತ್ತಿ, ಕೂಸನ್ನು ಮಲಗಿಸಿದ ಹಾಗೆ ಅಟ್ಟದ ಮೇಲೆ ಮಲಗಿಸಿದಳು. ಇನ್ನು ಗುಂಡುಗಳ ಡಬ್ಬಿ. ನವಿಲಿನ ಚಿತ್ರದ ಡಬ್ಬಿ. ಅದನ್ನು ಕೊಟ್ಟದ್ದು ಯಾರಿಗೆಂದುಕೊಂಡಿರಿ? ನಿಂಗಪ್ಪನ ಮನೆಗೆ. ಕೆರೆಯ ಕಾಲುವೆಯಲ್ಲಿ ನಮ್ಮ ಹೊಲಕ್ಕಿಂತ ಮೇಲಿನ ಹೊಲ ಅವನದು. ನೀರಿನ ಸರದಿಗಾಗಿ ನಮಗೂ ಅವರಿಗೂ ಜಗಳವಾಗದ ವರ್ಷವಿಲ್ಲ.

ಊರವರು ನಕ್ಕರು. ನಮ್ಮ ಅಜ್ಜಿ ಅತ್ತಳು. ಅಜ್ಜ ಹೇಳಿದ ಮಾತನ್ನು ನಮ್ಮ ಮನೆಯಲ್ಲಿ ಮಂತ್ರದ ಹಾಗೆ ಹೇಳುತ್ತಿದ್ದರು: "ನಮ್ಮ ಸಿಟ್ಟು ಹಾಲಿದ್ದಂಗ. ಉಕ್ಕೂದು ಒಂದ ಗಳಿಗಿ. ಆ ಗಳಿಗ್ಯಾಗ ಯಾರರ ಮುಂದ ನಿಂತಿರಬೇಕು. ಯಾರ ಮ್ಯಾಲ ಸಿಟ್ಟು ಬರ್ತೈತೋ ಅವ್ರs ನಿಂತ್ರ ಭಾಳ ಚಲೋ."

ಮೂರೂ ಮನೆಗೆ ಒಂದೇ ಕಟ್ಟಳೆ. ಕೇಳಿದವರಿಗೆ ಇಲ್ಲ ಎನ್ನುವಂತಿಲ್ಲ. ಆದರೆ ಕೊಡುವ ಮುಂಚೆ "ಯಾತಕ್ಕ?" ಎಂದು ಕೇಳಬೇಕು. ಬಂದವನು ನಾಲ್ಕು ಜನಕ್ಕೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಬೇಕು. ಕರಡಿ ಬಂದೈತಿ, ಹಂದಿ ಬಂದಾವ. ಅಷ್ಟೇ. ನಿಂಗಪ್ಪನ ಜೋಳಕ್ಕೆ ಕರಡಿ ಬಿದ್ದರೆ ಅವನೂ ನಮ್ಮ ಬಾಗಿಲಿಗೆ ಬರಲೇಬೇಕು; ನಮ್ಮ ಬಂದೂಕಿಲ್ಲದೆ ಅವನ ಗುಂಡು ಹುರಿಗಡಲೆಗೆ ಸಮ. ಬಂದೂಕು ಕೂಡಿಸುವಷ್ಟರಲ್ಲಿ ಊರಿಗೆಲ್ಲ ಸುದ್ದಿಯಾಗುತ್ತಿತ್ತು. ಫಕೀರಮ್ಮನ ಮನೆಯಿಂದ ನಳಿಕೆ ಹೊರಬಿತ್ತೆಂದರೆ ಓಣಿಯ ಜನ ತಟ್ಟೆ, ಡಬ್ಬ, ಜಾಗಟೆ ಹಿಡಿದು ಬಡಿಯಲು ತಯಾರಾಗಿ ಹಿಂದೆ ಬರುತ್ತಿದ್ದರು. ಹೆಚ್ಚಿನ ಸಲ ಆ ಗದ್ದಲಕ್ಕೇ ಕರಡಿ ಬೇಸರಪಟ್ಟು ಗುಡ್ಡ ಹತ್ತುತ್ತಿತ್ತು. ಗಾಳಿಯಲ್ಲಿ ಒಂದು ಈಡು ಹಾರಿಸಿದರೆ ಅದೇ ದೊಡ್ಡದು.

ಇದೆಲ್ಲ ಕಾನೂನಿಗೆ ವಿರುದ್ಧ. ಲೈಸೆನ್ಸ್ ಯಾರ ಹೆಸರಲ್ಲಿದೆಯೋ ಬಂದೂಕು ಅವರ ವಶದಲ್ಲೇ ಇರಬೇಕು, ಪರರ ಮನೆಯಲ್ಲಿ ಇಡುವಂತಿಲ್ಲ. ಸರ್ಕಾರದ್ದಕ್ಕಿಂತ ಬಿಗಿಯಾದ ಕಾನೂನು ಮಾಡಿದ್ದೇನೆಂದು ಬೀಗುತ್ತಿದ್ದ ಅಜ್ಜನಿಗೆ ಇದು ಗೊತ್ತೇ ಇರಲಿಲ್ಲ. ಒಂದು ಚುನಾವಣೆಯಲ್ಲಿ ಹಿಡಿ ಹಿಡಿದ ಅಜ್ಜ, ನಳಿಕೆ ಹೊತ್ತ ಫಕೀರಮ್ಮ, ಡಬ್ಬಿ ಹಿಡಿದ ನಿಂಗಪ್ಪ ಮೂವರೂ ಸಾಲಾಗಿ ಠಾಣೆಗೆ ಹೋದರು. ಅಲ್ಲಿದ್ದ ಅಧಿಕಾರಿಗೆ ಅಜ್ಜ ತನ್ನ ಏರ್ಪಾಟನ್ನೆಲ್ಲ ಶಾಬಾಸ್‌ಗಿರಿ ಸಿಗುತ್ತದೆಂದು ವಿವರಿಸಿದನಂತೆ. ಆತ ಪೂರ್ತಿ ಕೇಳಿ, ಹಣೆ ಒತ್ತಿಕೊಂಡು, "ಯಜಮಾನ್ರ, ನೀವು ಹೇಳಿದ್ದು ನನಗ ಕೇಳಿಸಿಲ್ಲ" ಅಂದ. ಅಜ್ಜ ಪಾಪ, ಮತ್ತೊಮ್ಮೆ ಗಟ್ಟಿಯಾಗಿ ಹೇಳಿದ.

ಇನ್ನು ಆ ದಿನದ ಮಾತು. ನಾನಾಗ ಹೊಸಪೇಟೆಯಲ್ಲಿ ಕಾಲೇಜು ಓದುತ್ತಿದ್ದೆ, ರಜೆಗೆ ಊರಿಗೆ ಬಂದಿದ್ದೆ. ಆಯುಧಗಳಿಂದ ನಾಗರಿಕತೆಗೆ ಆಗುವ ಹಾನಿಯ ಬಗ್ಗೆ ಭಾಷಣ ಮಾಡಿ ಬಹುಮಾನ ಪಡೆದು ಬಂದಿದ್ದೆ ಬೇರೆ. ಅಪ್ಪನೂ ಅಜ್ಜಿಯೂ ಅಷ್ಟರಲ್ಲಿ ತೀರಿಕೊಂಡಿದ್ದರು. ಅಜ್ಜ ಭತ್ತ ಹಾಕಿಕೊಂಡು ಕಂಪ್ಲಿಯ ಮಿಲ್ಲಿಗೆ ಹೋಗಿದ್ದ. ಮನೆಯಲ್ಲಿ ಅವ್ವ, ನಾನು, ಮತ್ತು ನನಗಿಂತ ಐದಾರು ವರ್ಷಕ್ಕೆ ದೊಡ್ಡವನಾದ ಕೊಟ್ರಕಾಕ, ಅಂದರೆ ಈ ವೀರೇಶನ ಅಪ್ಪ. ಅವನಿಗೆ ಆಗಿನ್ನೂ ಮದುವೆಯಾಗಿರಲಿಲ್ಲ.

ನಮ್ಮ ನೀರಿನ ಸರದಿಯ ದಿನ ಅದು. ಕಾಕ ಹೊಲಕ್ಕೆ ಹೋಗಿ ನೋಡಿದರೆ ಕಾಲುವೆಗೆ ನಿಂಗಪ್ಪ ಮಣ್ಣು ಕಟ್ಟಿದ್ದ. ನಮ್ಮ ಭತ್ತದ ಸಸಿಮಡಿ ಒಣಗಿ ಬಿರುಕು ಬಿಟ್ಟಿತ್ತು. ಮಾತಿಗೆ ಮಾತು ಬೆಳೆಯಿತು. ಕೂಲಿಯವರೆಲ್ಲ ನಿಂತು ಕೇಳುವ ಹಾಗೆ ನಿಂಗಪ್ಪ, "ಅಪ್ಪನ್ನ ಕಳಿಸಲೇ, ನಿನ್ನಂಥ ಹೆಂಗಸಿನ ಕೂಡ ನಾ ಮಾತಾಡಂಗಿಲ್ಲ" ಅಂದುಬಿಟ್ಟ.

ಮಟಮಟ ಮಧ್ಯಾಹ್ನ ಕಾಕ ಮನೆಗೆ ಬಂದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಕಾಲಲ್ಲಿ ಕೆಸರು. ಮುಖದಲ್ಲಿ ರಕ್ತವೇ ಇರಲಿಲ್ಲ. ಸೀದಾ ಗೂಟದ ಹತ್ತಿರ ಹೋಗಿ ಹಿಡಿಯನ್ನು ಎಳೆದುಕೊಂಡ. ಅವ್ವ ಬಾಗಿಲಿಗೆ ಅಡ್ಡ ಬಂದು, ಕಟ್ಟಳೆಯ ಪ್ರಕಾರ ಕೇಳಿದಳು: "ಯಾತಕ್ಕೋ ಕೊಟ್ರಾ?"

"ಕರಡಿ ಬಂದೈತಿ."

ಅವ್ವ ಸರಿದು ನಿಂತಳು. ಅವನು ಹೋದ ಮೇಲೆ ನನ್ನ ರಟ್ಟೆ ಹಿಡಿದು, "ಬಾ, ಅವನ ಹಿಂದ ಹೋಗಾಣ. ತಡೀಬ್ಯಾಡ. ಬರೀ ಹಿಂದ ಹೋಗಾಣ" ಅಂದಳು. ಭಾಷಣದ ಬಹುಮಾನದವಳು ಚಪ್ಪಲಿಯನ್ನೂ ಮೆಟ್ಟದೆ ಹಿಂದೆ ಹೊರಟಳು.

ಫಕೀರಮ್ಮ ಗಾದಿ ಹೊಲಿಯುತ್ತಿದ್ದಳು. "ಯಾತಕ್ಕ ತಮ್ಮಾ?" ಎಂದಳು. "ಕರಡಿಗೆ" ಎಂದ. ಅವಳು ಅವನ ಮುಖ ನೋಡಿದಳು, ನಮ್ಮ ಮುಖ ನೋಡಿದಳು, ಅಟ್ಟ ಹತ್ತಿ ನಳಿಕೆ ಇಳಿಸಿ ಕೊಟ್ಟಳು. ಆಮೇಲೆ ಕೈಯಲ್ಲಿದ್ದ ದಬ್ಬಣವನ್ನೂ ಬಿಡದೆ ನಮ್ಮ ಜೊತೆ ಹೆಜ್ಜೆ ಹಾಕಿದಳು. ನಳಿಕೆ ಹೊರಬಿದ್ದದ್ದನ್ನು ಕಂಡ ಓಣಿಗೆ ಏನು ಗೊತ್ತು? ವಾಡಿಕೆಯಂತೆ ಒಬ್ಬೊಬ್ಬರೇ ತಟ್ಟೆ ಹಿಡಿದು ಹೊರಬಂದರು. "ಎಲ್ಲಿ ಐತಂತ? ಎಷ್ಟು ಅದಾವಂತ?" ಕಾಕ ತಿರುಗಿ ನೋಡದೆ ಬಿರಬಿರನೆ ನಡೆದ. ನಿಂಗಪ್ಪನ ಮನೆ ಮುಟ್ಟುವ ಹೊತ್ತಿಗೆ ಒಬ್ಬ ಮನುಷ್ಯನನ್ನು ಕೊಲ್ಲಲು ಹೊರಟ ಕಾಕನ ಬೆನ್ನ ಹಿಂದೆ ಅರ್ಧ ಊರು ತಟ್ಟೆ ಹಿಡಿದು ನಿಂತಿತ್ತು.

ಬಾಗಿಲಿಗೆ ಬಂದವಳು ನಿಂಗಪ್ಪನ ಹೆಂಡತಿ ದುರುಗಮ್ಮ. ಗಂಡ ಹೊಲದಿಂದ ಬಂದು ಒಳಗೆ ಊಟಕ್ಕೆ ಕೂತಿದ್ದ. ಜಗಳದ ಸುದ್ದಿ ಅವಳಿಗೆ ಮುಟ್ಟಿತ್ತು. ಕೂಡಿಸಿದ ಬಂದೂಕನ್ನು ನೋಡಿದಳು. ಕಿರುಚಲಿಲ್ಲ, ಬಾಗಿಲು ಹಾಕಿಕೊಳ್ಳಲಿಲ್ಲ. ಒಳಗೆ ಹೋಗಿ ನವಿಲಿನ ಡಬ್ಬಿ ತಂದು, ಕಟ್ಟೆಯ ಮೇಲಿಟ್ಟು, ಮುಚ್ಚಳ ತೆಗೆದು, ಪಕ್ಕದಲ್ಲಿ ನಿಂತಳು.

"ಯಾತಕ್ಕ ಬೇಕು, ಕೊಟ್ರಪ್ಪಾ?"

ಅವ್ವನಿಗೂ ಫಕೀರಮ್ಮನಿಗೂ ಥಟ್ಟನೆ ಸುಳ್ಳು ಹೇಳಿದ್ದ ಬಾಯಿ ಅಲ್ಲಿ ಏಳಲಿಲ್ಲ. ನೆತ್ತಿಯ ಮೇಲೆ ಬಿಸಿಲು. ಯಾರ ತಟ್ಟೆಯೂ ಸದ್ದು ಮಾಡಲಿಲ್ಲ; ಇದು ಕರಡಿಯ ವಿಷಯವಲ್ಲ ಎಂದು ಜನಕ್ಕೆ ಅಷ್ಟು ಹೊತ್ತಿಗೆ ತಿಳಿದಿತ್ತು. ಕಾಕನ ಗಂಟಲು ಏರಿ ಇಳಿಯುವುದು ನನಗೆ ಕಾಣುತ್ತಿತ್ತು. "ನಿನ್ನ ಗಂಡನ್ನ ಹೊಡ್ಯಾಕ" ಎಂದು ಆಕೆಯ ಕಣ್ಣನ್ನೇ ನೋಡುತ್ತಾ ಹೇಳಬೇಕಿತ್ತು. ಹೇಳಿದರೆ ಕಟ್ಟಳೆಯ ಪ್ರಕಾರ ಆಕೆ ಕೊಡಬೇಕಿತ್ತು. ಆಕೆ ಕೊಡುತ್ತಿದ್ದಳು ಎಂದೇ ನನಗೆ ಈಗಲೂ ಅನ್ನಿಸುತ್ತದೆ.

ಕೊನೆಗೆ ಕಾಕ ತಲೆ ತಗ್ಗಿಸಿ, ಯಾರಿಗೂ ಕೇಳದ ಹಾಗೆ, "ಕರಡಿ ಬಂದೈತಿ" ಅಂದ.

ಒಳಗಿನಿಂದ ನಿಂಗಪ್ಪ ಬಂದ. ಎಂಜಲು ಕೈ. ಅವನಿಗೆ ಎಲ್ಲ ತಿಳಿದಿತ್ತು. ಕಾಕನನ್ನು ನೋಡಿದ, ತಟ್ಟೆ ಹಿಡಿದ ಊರನ್ನು ನೋಡಿದ. ಕೈ ತೊಳೆದು, ಪಂಚೆಗೆ ಒರೆಸಿಕೊಂಡು, ಡಬ್ಬಿಯ ಮುಚ್ಚಳ ಹಾಕಿ ಕಂಕುಳಲ್ಲಿ ಇಟ್ಟುಕೊಂಡ.

"ಬಂದೈತೇನು? ನಡಿ, ಹೋಗಾಣ."

ಹೋದೆವು. ಇಲ್ಲದ ಕರಡಿಯನ್ನು ಹುಡುಕಿಕೊಂಡು ಇಡೀ ಮೆರವಣಿಗೆ ಹೊಲ ದಾಟಿ ಗುಡ್ಡದ ಬುಡಕ್ಕೆ ಹೋಯಿತು. ಸುಳ್ಳೆಂದು ಎಲ್ಲರಿಗೂ ಗೊತ್ತು, ಹಿಂದಿರುಗಿದವರು ಒಬ್ಬರೂ ಇಲ್ಲ. ಅಲ್ಲಿ ನೆರಳೆಂದರೆ ಒಂದೇ ಬೇವಿನ ಮರ. ಕಾಕ, ನಿಂಗಪ್ಪ ಇಬ್ಬರೂ ಅದರಡಿಯ ಒಂದೇ ಬಂಡೆಯ ಮೇಲೆ ಕೂತರು, ಒಬ್ಬನ ತೊಡೆಯ ಮೇಲೆ ಬಂದೂಕು, ಇನ್ನೊಬ್ಬನ ತೊಡೆಯ ಮೇಲೆ ಗುಂಡು. ದುರುಗಮ್ಮ ತಂದ ತಂಬಿಗೆಯ ನೀರನ್ನು ಮೊದಲು ನಿಂಗಪ್ಪ ಕುಡಿದ, ಆಮೇಲೆ ಕಾಕ ಕುಡಿದ. ಹೊತ್ತು ಇಳಿಯಿತು. ಹೆಂಗಸರು ತಟ್ಟೆ ಬೋರಲು ಹಾಕಿ ಅದರ ಮೇಲೆ ಕೂತು ಮಗಳಂದಿರ ಬಾಣಂತನದ ಮಾತು ತೆಗೆದರು.

ಆಗ ಅದು ಬಂತು.

ಎದುರಿನ ಬಂಡೆಯ ಸಂದಿಯಿಂದ ಮೊದಲು ಮೂತಿ, ಆಮೇಲೆ ಕಪ್ಪು ಹೆಗಲು. ಸಂಜೆಯ ಬಿಸಿಲಿನಲ್ಲಿ ಆ ಕೂದಲು ಕೆಂಪಾಗಿ ಕಾಣುತ್ತಿತ್ತು. ಬೆನ್ನ ಮೇಲೆ ಎರಡು ಮರಿಗಳು, ತಾಯಿಯ ಕೂದಲನ್ನು ಮುಷ್ಟಿಯಲ್ಲಿ ಹಿಡಿದು, ಎತ್ತಿನ ಬಂಡಿಯಲ್ಲಿ ಕೂತ ಮಕ್ಕಳ ಹಾಗೆ ಅತ್ತಿತ್ತ ನೋಡುತ್ತಿದ್ದವು. ಅಷ್ಟು ಜನರಿದ್ದೆವು, ಕೂತ ತಟ್ಟೆಯನ್ನು ಎತ್ತಿ ಬಡಿದವರು ಒಬ್ಬರೂ ಇಲ್ಲ. ತಾಯಿ ನಮ್ಮ ಕಡೆ ಮೂತಿ ಎತ್ತಿ ಮೂಸಿತು. ನಾನು ಗುಡಿಗಳನ್ನು ನೋಡಿದ್ದೇನೆ, ಹಂಪಿಯ ಹತ್ತಿರವೇ ಬದುಕಿದ್ದೇನೆ, ಆದರೆ ಕೈಗಳು ತಾವಾಗಿ ಕೂಡಿದ್ದು ಆ ಒಂದು ಸಲ ಮಾತ್ರ. ಅದು ಬಂಡೆಯಿಂದ ಬಂಡೆಗೆ ಇಳಿದು, ಮರಿಗಳನ್ನು ಹೊತ್ತುಕೊಂಡು, ಕವಳಿಹಣ್ಣಿನ ಪೊದೆಗಳ ಹಿಂದೆ ಮರೆಯಾಯಿತು.

ಕಾಕ ಅಳುತ್ತಿದ್ದ. "ಬಂತಲ್ಲೋ ನಿಂಗಣ್ಣಾ" ಅಂದ.

"ಇಷ್ಟು ಮಂದಿ ಮುಂದ ಹೆಸರು ಹಿಡಿದು ಕರದಿ. ಬರದs ಏನ್ ಮಾಡ್ತೈತಿ?" ಅಂದ ನಿಂಗಪ್ಪ. ಆಮೇಲೆ ಕಾಲುವೆಯ ಕಡೆಗೆ ನಡೆದು, ತಾನು ಕಟ್ಟಿದ ಮಣ್ಣನ್ನು ಕಾಲಿನಿಂದ ಒದ್ದು ತೆಗೆದ.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಮರುವರ್ಷವೂ ನೀರಿಗೆ ಜಗಳವಾಯಿತು, ಅದರ ಮುಂದಿನ ವರ್ಷವೂ. ಆದರೆ ಬಂದೂಕಿನ ಮಾತು ಬರಲಿಲ್ಲ. ಎಷ್ಟೋ ವರ್ಷಗಳ ನಂತರ, ಅಜ್ಜನ ಬಂದೂಕು ಕಾಕನ ಹೆಸರಿಗಾಗಿ, ಅವನು ಅದರ ಜೊತೆ ಗುಂಡುಗಳನ್ನೂ ಠಾಣೆಗೆ ಒಪ್ಪಿಸಿದ ಮೇಲೆ, ದುರುಗಮ್ಮ ಖಾಲಿ ಡಬ್ಬಿಯ ತುಂಬ ಶೇಂಗಾ ಉಂಡೆ ಕಟ್ಟಿಕೊಂಡು ಹೊಸಪೇಟೆಗೆ ನನ್ನನ್ನು ನೋಡಲು ಬಂದಿದ್ದಳು. ಆಗ ಕೇಳಿದೆ: "ಅತ್ತೀ, ಅವತ್ತು ಡಬ್ಬಿ ಯಾಕ ಹೊರಗ ತಂದಿ? ಹೆದರಿಕಿ ಆಗಲಿಲ್ಲೇನು?"

"ಆಗದs ಇರ್ತೈತೇನವ್ವಾ. ಆದ್ರ ನಾ ಬಚ್ಚಿಟ್ಟಿದ್ರ ಅವ ಹೋಗಿ ಕುಡುಗೋಲು ತರ್ತಿದ್ದ. ಕುಡುಗೋಲಿಗೆ ಯಾರನ್ನೂ ಕೇಳಬೇಕಾಗಿಲ್ಲ ನೋಡು."

ಆ ಮಾತನ್ನು ಹೊರಳಿಸಿ ಹೊರಳಿಸಿ ಯೋಚಿಸಿದ್ದೇನೆ. ಆಳ ಸಿಕ್ಕಿಲ್ಲ.

ಎಣ್ಣೆಯ ಹೊಗೆಗೆ ಕೆಮ್ಮುತ್ತಾ ಒಲೆ ಆರಿಸಿ ಹೊರಗೆ ಬಂದೆ. ಯಜಮಾನರೂ ಟಿ.ವಿ.ಯವರೂ ಇನ್ನೂ ಕಾನೂನು ಬಿಗಿ ಮಾಡುತ್ತಲೇ ಇದ್ದರು. ಟಿ.ವಿ. ಆರಿಸಿದೆ, ಯಜಮಾನರನ್ನು ಆರಿಸಲಾಗುವುದಿಲ್ಲ, ಕಣ್ಣಿನಿಂದ ಸುಮ್ಮನಿರಿಸಿದೆ.

"ಕಾರಣ ಏನಂತ ಬರದೀಯೋ ವೀರೇಶಾ?"

"ಆತ್ಮರಕ್ಷಣೆ ಅಂತ."

"ಬರದದ್ದು ಬಿಡು. ಬಾಯಿಬಿಟ್ಟು ಹೇಳು. ಯಾತಕ್ಕ?"

ಅವನು ಬಾಯಿ ತೆರೆದ. ನನಗೆ ಕಂಡದ್ದು ಅವನಪ್ಪನ ಗಂಟಲು. ಏರಿತು, ಇಳಿಯಿತು.

"ಹೆದರಿಕಿ ಆಗೈತಕ್ಕಾ" ಅಂದ. ವಡ್ಡು ಎಂಬ ಊರಿನ ಮಲ್ಲಣ್ಣ ಮೊದಲು ಅವನ ಜೊತೆ ಪಾಲುದಾರನಾಗಿದ್ದ. ಈಗ ಬೇರೆಯಾಗಿ ಅದೇ ದಾರಿಗೆ ಬಸ್ಸು ಬಿಟ್ಟಿದ್ದಾನೆ. ಮೊನ್ನೆ ವೀರೇಶನ ಬಸ್ಸಿನ ಗಾಜು ಒಡೆದಿದ್ದಾರೆ. ಯಾರೋ ಫೋನಿನಲ್ಲಿ ಕೆಟ್ಟದಾಗಿ ಬೈದಿದ್ದಾರೆ. "ಮಗಳು ಸಾಲಿಗೆ ಹೊಂಟ್ರ ಎದಿ ಡವಡವ ಅಂತೈತಿ. ಅವ ಏನರ ಮಾಡಿದ್ರ?"

"ಪೊಲೀಸ್ರಿಗೆ ಕಂಪ್ಲೇಂಟ್ ಕೊಡು" ಅಂದರು ಯಜಮಾನರು.

"ಅದೂ ಆಗಲಿ, ನಾಳೆ ಕೊಡಾಣ" ಅಂದೆ. "ಮಲ್ಲಣ್ಣನ ಮನೀಗೆ ಹೋಗಿದ್ದೇನು ನೀನು?"

"ಅವನ ಮನೀಗಾ? ನಾ ಯಾಕ ಹೋಗ್ಲಿ?"

ಪಟಾಕಿ ಹೊಡೆದರೆ ಕಿವಿ ಮುಚ್ಚಿಕೊಂಡು ದೇವರ ಕೋಣೆ ಸೇರುವವಳು ನಾನು. ಅಂಥವಳ ಬಾಯಿಂದ ಹೇಗೆ ಬಂತೋ, "ನಡಿ, ಹೋಗಾಣ" ಅಂದುಬಿಟ್ಟೆ. ಬರಿಗೈಲಿ ಹೋಗುವುದು ಹೇಗೆ? ಸಾಸಿವೆಯನ್ನು ಪೇಪರಿನ ಮೇಲೆ ಸುರಿದು, ಹಬ್ಬಕ್ಕೆ ಮಾಡಿಟ್ಟಿದ್ದ ಶೇಂಗಾ ಉಂಡೆಗಳನ್ನು ಆ ಡಬ್ಬಿಗೆ ತುಂಬಿದೆ. ಸಹಿಯ ಕಾಗದ ಟೀಪಾಯಿ ಮೇಲೆ ಫ್ಯಾನಿನ ಗಾಳಿಗೆ ಹಾರಾಡುತ್ತಾ ಉಳಿಯಿತು.

ತೋರಣಗಲ್ಲಿನ ಚಿಮಣಿಗಳ ಹೊಗೆ ದಾಟಿ ವಡ್ಡು ಸೇರುವವರೆಗೆ ವೀರೇಶನಿಗೆ ಅವನಪ್ಪನ ಕಥೆಯೆಲ್ಲ ಹೇಳಿದೆ. ಕಾರು ನಿಂತ ಮೇಲೂ ಅವನು ಸ್ವಲ್ಪ ಹೊತ್ತು ಸ್ಟೇರಿಂಗ್ ಬಿಡಲಿಲ್ಲ.

ಮಲ್ಲಣ್ಣ ಬನಿಯನ್ ಮೇಲೆ ಹೊರಗೆ ಬಂದ. ಬಾಗಿಲ ಸಂದಿಯಲ್ಲಿ ಅವನ ಹೆಂಡತಿಯ ಕಣ್ಣು. ವೀರೇಶನನ್ನು ಕಂಡು ಅವನ ಮುಖ ಬಿಳುಪೇರಿತು. ದೊಡ್ಡ ಆಳು, ಗಿರಿಜಾ ಮೀಸೆ, ಅಂಥವನು ಒಂದು ಹೆಜ್ಜೆ ಹಿಂದೆ ಸರಿದ.

"ಏನೋ, ಯಾತಕ್ಕ ಬಂದಿ?"

ಅವನಿಗೆ ಆ ಪ್ರಶ್ನೆ ಯಾರು ಕಲಿಸಿದರು? ನಾನು ಡಬ್ಬಿಯನ್ನು ಎದೆಗೆ ಅವುಚಿಕೊಂಡೆ. ವೀರೇಶ ಬಿಸಿಲಿನಲ್ಲಿ ನಿಂತಿದ್ದ, ಅವನಪ್ಪ ನಿಂತ ಹಾಗೇ. ಆದರೆ ಅವನು ಕರಡಿಯ ಹೆಸರು ಹೇಳಲಿಲ್ಲ.

"ನಿನಗ ಹೆದರೀನಿ ಮಲ್ಲಣ್ಣಾ. ಬಂದೂಕಿನ ಲೈಸೆನ್ಸಿಗೆ ಹಾಕೀನಿ. ಅದನ್ನs ಹೇಳಾಕ ಬಂದೀನಿ."

ಮಲ್ಲಣ್ಣ ಅವನನ್ನೇ ನೋಡಿದ. ಆಮೇಲೆ ಮೀಸೆಯ ಕೆಳಗಿನಿಂದ ಸಣ್ಣ ದನಿ ಬಂತು:

"ನಾನೂ ಹಾಕೀನಲೋ."

ಬಾಗಿಲ ಸಂದಿಯ ಕಣ್ಣು ಹೊರಗೆ ಬಂದು, ಸೆರಗು ಸರಿಮಾಡಿಕೊಂಡು, "ಬಿಸಿಲಾಗ ಯಾಕ ನಿಂತೀರಿ, ಬರ್ರಿ, ಒಳಗ ಕುಂದ್ರಿ" ಅಂದಿತು. ಒಳಗೆ ಹೋಗಿ ಕೂತೆವು. ನಾನು ಡಬ್ಬಿಯ ಮುಚ್ಚಳ ತೆಗೆದು ಮಲ್ಲಣ್ಣನ ಮುಂದಿಟ್ಟೆ. ಅವನು ಒಂದು ಉಂಡೆ ಎತ್ತಿ ಬಾಯಿಗೆ ಒಯ್ಯುವಾಗ ಅರ್ಧಕ್ಕೇ ನಿಲ್ಲಿಸಿ, ಮೂಗಿನ ಹತ್ತಿರ ಹಿಡಿದ.

"ಇದೇನ್ರಿ ಅಕ್ಕಾರ, ಉಂಡಿಗೆ ಪಟಾಕಿ ವಾಸನಿ?"

"ಹಳೇ ಡಬ್ಬಿ ಐತಪ್ಪಾ" ಅಂದೆ. "ತಿನ್ರಿ."